ಡ್ರಮ್ಮಿನ ಸೋಮನ ಹೆದರಿಕೆ

ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ದೊಡ್ಡ ಡ್ರಮ್ ಹೊರುತ್ತಿದ್ದ ಸೋಮ ಸಾವಿರದ ಒಂಬೈನೂರ ಅರವತ್ತೆಂಟರ ಮಳೆಗಾಲದಲ್ಲಿ ತೀರಿಕೊಂಡ. ಎಂಟು ದಿನ ಜ್ವರ. ಒಂಬತ್ತನೇ ದಿನ ಬೆಳಗಾಗುವಾಗ ಇಲ್ಲ. ಊರಿನವರು ಈಗಲೂ ಅವನ ಬಗ್ಗೆ ಎರಡು ಮಾತು ಆಡುತ್ತಾರೆ. ಡ್ರಮ್ ಚೆನ್ನಾಗಿ ಬಾರಿಸುತ್ತಿದ್ದ ಅನ್ನುತ್ತಾರೆ. ಹೆದರುಪುಕ್ಕಲ ಅನ್ನುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಅಷ್ಟೇ ಅಲ್ಲ.

ಅವನು ಹುಟ್ಟಿದ್ದು ಹೊಳೆಯ ಆಚೆ ದಡದಲ್ಲಿ, ಕಾಸರಕೋಡಿನಲ್ಲಿ. ಮೀನು ಹಿಡಿಯುವವರ ಮನೆ. ಶರಾವತಿ ಸಮುದ್ರ ಸೇರುವ ಬಾಯಿಗೆ ಅಳಿವೆ ಅನ್ನುತ್ತಾರೆ. ಅಲ್ಲಿ ದೋಣಿ ದಾಟಿಸುವುದು ಸುಲಭವಲ್ಲ. ದೊಡ್ಡ ತೆರೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ, ಆಮೇಲೆ ಸ್ವಲ್ಪ ಬಿಡುವು ಕೊಡುತ್ತವೆ. ದೋಣಿಯ ಮುಂದಿನ ತುದಿಯಲ್ಲಿ ಕುಳಿತವನು ಆ ಬಿಡುವು ನೋಡಿ ಹೇಳಬೇಕು. ಅವನು ಹೇಳಿದ ಮೇಲೆ ಉಳಿದವರು ಹುಟ್ಟು ಹಾಕಬೇಕು. ಅವನ ಮಾತಿನ ಮೇಲೆ ಮಾತಿಲ್ಲ.

ಐವತ್ತೇಳರಲ್ಲಿ ಒಂದು ದಿನ ಮುಂದಿನ ತುದಿಯಲ್ಲಿ ಕುಳಿತವನು ಸೋಮ. ಚುಕ್ಕಾಣಿ ಹಿಡಿದವನು ಅವನ ಅಣ್ಣ ಶುಕ್ರ.

"ಹೋಗ್ವನಾ?" ಅಂತ ಶುಕ್ರ ಕೇಳಿದ.

"ಹೋಗ್ವ" ಅಂದ ಸೋಮ.

ದೋಣಿ ಮಗುಚಿತು. ಆರು ಜನರಲ್ಲಿ ಐದು ಜನ ಈಜಿ ಬಂದರು. ಶುಕ್ರ ಎರಡು ದಿನದ ಮೇಲೆ ತೆಂಕಣ ದಂಡೆಯಲ್ಲಿ ಸಿಕ್ಕಿದ. ಯಾರೂ ಸೋಮನಿಗೆ ಏನೂ ಅನ್ನಲಿಲ್ಲ. ಅವನ ತಾಯಿ ಕಾಳಿಯೂ ಅನ್ನಲಿಲ್ಲ. ಕಡಲು ತಗೊಂಡಿತು ಅಂದರು, ಅಷ್ಟೇ.

ಆಮೇಲೆ ಸೋಮ ಮೀನಿಗೆ ಹೋಗುವ ದೋಣಿಗೆ ಕಾಲಿಡಲಿಲ್ಲ. ಸೊಂಟ ಹಿಡಿದಿದೆ ಅಂತ ಎಲ್ಲರಿಗೂ ಹೇಳಿದ. ಹೆಂಡತಿ ನಾಗಿಯನ್ನು ಕರೆದುಕೊಂಡು ಕಣ್ಣು ಮುಚ್ಚಿ ಹೊಳೆ ದಾಟಿ ಈಚೆ ಬಂದ. ಹೈಸ್ಕೂಲಿನಲ್ಲಿ ಜವಾನನ ಕೆಲಸ ಸಿಕ್ಕಿತು. ತಾಯಿಯ ಮನೆಯ ತೆಂಗಿನ ಮರಗಳು ಈ ದಡದಿಂದ ಕಾಣುತ್ತಿದ್ದವು. ನಾಲ್ಕು ವರ್ಷ ಅವನು ಆ ಕಡೆ ಹೋಗಲಿಲ್ಲ. ರಜೆ ಕೊಡುವುದಿಲ್ಲ ಅಂತ ಸುದ್ದಿ ಕಳಿಸುತ್ತಿದ್ದ. ನಿಜ ಗೊತ್ತಿದ್ದವಳು ನಾಗಿ ಒಬ್ಬಳೇ. ಮಳೆಗಾಲದಲ್ಲಿ ಸಮುದ್ರ ಕೂಗುವಾಗ ಅವನು ಕಿವಿಗೆ ಕಂಬಳಿ ಒತ್ತಿಕೊಳ್ಳುವುದನ್ನು ಅವಳು ನೋಡಿದ್ದಳು. ಅವಳೂ ಯಾರಿಗೂ ಹೇಳಲಿಲ್ಲ.

ಶಾಲೆಯಲ್ಲಿ ಬ್ಯಾಂಡ್ ಇತ್ತು. ಇಪ್ಪತ್ತನಾಲ್ಕು ಹುಡುಗರು. ಸಣ್ಣ ಡ್ರಮ್ಮು, ಕೊಳಲು, ಬಿಗಲ್. ಅವರ ಹಿಂದೆ ಹದಿನಾರು ಹುಡುಗಿಯರ ಲೇಜಿಮ್. ಮರದ ಬಿಲ್ಲಿಗೆ ಕಬ್ಬಿಣದ ಬಿಲ್ಲೆಗಳು, ಕುಣಿಯುತ್ತ ಬಡಿದರೆ ಝಲ್ ಅನ್ನುತ್ತವೆ. ಬ್ಯಾಂಡು ಕಲಿಸುವವರು ಡ್ರಿಲ್ಲಿನ ರಮಾನಂದ ಮಾಸ್ತರು. ಲೇಜಿಮ್ ಕಲಿಸುವವರು ವನಮಾಲಾ ಅಕ್ಕೋರು. ದೊಡ್ಡ ಡ್ರಮ್ ಹೊತ್ತು ಎರಡು ಮೈಲಿ ನಡೆಯುವ ಹುಡುಗ ಯಾರೂ ಇರಲಿಲ್ಲ. ಸೋಮನಿಗೆ ಕಟ್ಟಿದರು. ಹೆಗಲಿಗೆ ಪಟ್ಟಿ ಹಾಕಿ, ಹೊಟ್ಟೆಯ ಮುಂದೆ ಡ್ರಮ್ ಇಟ್ಟುಕೊಂಡು ಅವನು ಹೊಡೆದರೆ ಹುಡುಗರ ಕಾಲು ತಪ್ಪುತ್ತಿರಲಿಲ್ಲ. ಹುಟ್ಟು ಹಾಕುವಾಗಿನ ಲೆಕ್ಕ ಅವನ ಕೈಯಲ್ಲಿತ್ತು.

ಕರಾವಳಿಯ ಗಾಳಿಗೆ ಡ್ರಮ್ಮಿನ ಚರ್ಮ ಸಡಿಲಾಗುತ್ತದೆ. ಪ್ರದರ್ಶನಕ್ಕೆ ಮೊದಲು ತೆಂಗಿನ ಸಿಪ್ಪೆಯ ಕೆಂಡ ಮಾಡಿ ಅದನ್ನು ಕಾಯಿಸಬೇಕು. ಹೆಚ್ಚು ಕಾಯಿಸಿದರೆ ಒಡೆಯುತ್ತದೆ. ಅದೂ ಸೋಮನದೇ ಕೆಲಸ.

ಅರವತ್ತೊಂದರಲ್ಲಿ ಹದಿನೈದು ಆಗಸ್ಟಿಗೆ ಊರಲ್ಲೇ ಮೆರವಣಿಗೆ ಆಯಿತು. ಮಳೆಯಲ್ಲಿ ಡ್ರಮ್ಮಿಗೆ ಗೋಣಿ ಹೊದೆಸಿ ಹೊಡೆದ. ದಸರಾ ರಜೆ ಮುಗಿದ ಮೇಲೆ ಪ್ರದರ್ಶನ ಕೊಡಲು ಕುಮಟೆಗೆ ಹೋದರು. ಕುಮಟೆಗೆ ಹೊಳೆ ದಾಟಬೇಕಿಲ್ಲ, ಬಸ್ಸಿನಲ್ಲಿ ಕುಳಿತರೆ ಆಯಿತು. ಆ ದಿನ ಸೋಮನ ಮುಖ ಬೇರೆ ಇತ್ತು. ಹುಡುಗರ ಜೊತೆ ತಮಾಷೆ ಮಾಡಿದ. ಮೈದಾನದಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹುಡುಗಿಯರ ಸಾಲಿನಲ್ಲಿ ಮುಂದೆ ಇದ್ದವಳು ಮಹಾಲಕ್ಷ್ಮೀ, ಹತ್ತನೇ ಕ್ಲಾಸಿನವಳು. ಅವಳು ತಿರುಗಿದರೆ ಹದಿನೈದು ಜನ ತಿರುಗುತ್ತಿದ್ದರು.

ಆ ಚಪ್ಪಾಳೆಯೇ ಕುತ್ತು ತಂದಿತು. ಭಟ್ಕಳದ ಶಾಲೆಯವರು ಅಲ್ಲಿಗೆ ಬಂದಿದ್ದರು. ನಮ್ಮ ಕ್ರೀಡಾಕೂಟಕ್ಕೆ ನಿಮ್ಮ ಬ್ಯಾಂಡು, ಲೇಜಿಮ್ ಎರಡೂ ಬರಬೇಕು ಅಂದರು. ಡಿಸೆಂಬರಿನಲ್ಲಿ.

ಭಟ್ಕಳಕ್ಕೆ ಹೋಗಬೇಕಾದರೆ ಹೊಳೆ ದಾಟಬೇಕು. ಆಗ ಸೇತುವೆ ಇರಲಿಲ್ಲ. ಬಸ್ಸು ಈ ದಡಕ್ಕೆ ನಿಲ್ಲುತ್ತಿತ್ತು. ತಾರಿ ದೋಣಿಯಲ್ಲಿ ದಾಟಿ ಕಾಸರಕೋಡಿನಲ್ಲಿ ಬೇರೆ ಬಸ್ಸು ಹತ್ತಬೇಕು.

ಸೋಮನ ಊಟ ಕಡಿಮೆಯಾಯಿತು. ನಾಗಿ ನೋಡಿಯೂ ನೋಡದವಳ ಹಾಗೆ ಇದ್ದಳು. ಹೊರಡುವ ಹಿಂದಿನ ದಿನ ಅವಳೇ ಬಾಯಿಬಿಟ್ಟಳು.

"ಹೊಟ್ಟೆನೋವು ಅಂತ ಹೇಳು. ಮನೇಲಿ ಬಿದ್ಕೊ."

"ಡ್ರಮ್ಮು ಹೊರುದು ಯಾರು?"

"ಡ್ರಮ್ಮು ಹೊಳೆಗೆ ಬೀಳ್ಲಿ."

"ಹಾಂಗೆ ಹೇಳ್ಬೇಡ ಮಾರಾಯ್ತಿ" ಅಂದ ಅವನು. "ದಾಟುದು ಹೇಂಗೂ ದಾಟ್ತೆ. ಡ್ರಮ್ಮು ತೊಡೆ ಮೇಲೆ ಇಟ್ಕಂಡು ಕೂತ್ಕಂಬುದು. ದೋಣಿ ಅಡಿಗೆ ನೀರು ನಿಂತಿರ್ತದೆ, ಚರ್ಮ ಒದ್ದೆ ಆತದೆ ಅಂತ ಹೇಳುದು. ಕೈಲಿ ಡ್ರಮ್ಮು ಇದ್ರೆ ಹುಟ್ಟು ಹಿಡಿ ಅಂತ ಯಾರೂ ಹೇಳುದಿಲ್ಲ."

"ಮತ್ತೆಂತಕ್ಕೆ ಹೆದ್ರುದು?"

"ಅವರು ನನ್ನ ಕೇಳ್ತ್ರು."

ಅದು ನಿಜ. ಶಾಲೆಯಲ್ಲಿ ಎಲ್ಲರಿಗೂ ಸೋಮ ಕಡಲಿನವ. ಮೋಡ ಕಂಡರೆ ಅವನನ್ನು ಕೇಳುತ್ತಿದ್ದರು. ಮಳೆ ಬರುತ್ತದೋ, ಗಾಳಿ ಏಳುತ್ತದೋ, ಅವನು ಹೇಳಬೇಕು. ಅವನ ಜಾತಿ ನೋಡಿ ನಂಬಿದ್ದರು. ಅವನನ್ನು ನೋಡಿರಲಿಲ್ಲ.

ಬೆಳಿಗ್ಗೆ ಏಳು ಗಂಟೆಗೆ ತಾರಿಯ ಹತ್ತಿರ ಸೇರಿದರು. ನಲವತ್ತು ಮಕ್ಕಳು, ಇಬ್ಬರು ಗುರುಗಳು, ಸೋಮ. ಹುಡುಗಿಯರು ಬಿಳಿ ಲಂಗ, ಹಸಿರು ರಿಬ್ಬನ್. ತಾರಿ ದೋಣಿ ದಾಟಿಸುವ ಈರ ಸೋಮನ ಕೇರಿಯವನೇ. ಸೋಮನನ್ನು ಕಂಡು ಹಲ್ಲು ಬಿಟ್ಟ.

"ಓ, ಯಾರಿದು! ನಾಲ್ಕು ವರ್ಷಕ್ಕೆ ಸವಾರಿ ಬಂತಾ? ಅಬ್ಬೆ ಮುಖ ನೆನಪಿದ್ಯಾ, ಅಲ್ಲ ಡ್ರಮ್ಮೇ ಅಬ್ಬೆಯಾ?"

ಹುಡುಗರು ನಕ್ಕರು. ಸೋಮನೂ ನಕ್ಕ ಹಾಗೆ ಮಾಡಿದ.

ರಮಾನಂದ ಮಾಸ್ತರು ಹೊಳೆಯ ಕಡೆ ನೋಡಿದರು. "ಎಂತ ಸೋಮಾ, ದಾಟಬಹುದಾ?"

ಸೋಮ ನೀರು ನೋಡಲಿಲ್ಲ. ಡ್ರಮ್ಮಿನ ಅಂಚು ನೋಡುತ್ತ, "ಆತು ಮಾಸ್ತರೆ" ಅಂದ.

ದೋಣಿ ಹೊರಟಿತು. ಅವನು ಡ್ರಮ್ಮನ್ನು ಅಪ್ಪಿ ಕುಳಿತ. ಕಣ್ಣು ಮುಚ್ಚಿದ. ನೀರು ಹಲಗೆಗೆ ಬಡಿಯುವ ಸದ್ದು ಡ್ರಮ್ಮಿನ ಒಳಗೆ ಹೊಕ್ಕು ಅವನ ಎದೆಗೆ ತಾಗುತ್ತಿತ್ತು. ಹುಡುಗಿಯರು ಹಾಡು ಹೇಳುತ್ತಿದ್ದರು. ಅವನಿಗೆ ಕೇಳಿದ್ದು ಶುಕ್ರನ ಸ್ವರ. ಹೋಗ್ವನಾ? ಹೋಗ್ವನಾ? ದೋಣಿ ಮರಳಿಗೆ ತಾಗಿದಾಗ ಅವನ ಚಡ್ಡಿ ಒದ್ದೆಯಾಗಿತ್ತು. ಡ್ರಮ್ಮು ಅಡ್ಡ ಹಿಡಿದು ಇಳಿದ. ಯಾರೂ ನೋಡಲಿಲ್ಲ.

ಬಸ್ಸಿನಲ್ಲಿ ಅವನಿಗೆ ಒಂದೇ ಯೋಚನೆ. ನೋಡದೆ ಹೇಳಿದೆ. ನಲವತ್ತು ಮಕ್ಕಳ ಜೀವ, ನೋಡದೆ ಆತು ಅಂದೆ. ಆ ದಿನ ಅಣ್ಣನಿಗೆ ನೋಡಿ ಹೇಳಿದ್ದೆ, ತಪ್ಪಿತ್ತು. ಇವತ್ತು ನೋಡಲೇ ಇಲ್ಲ.

ಭಟ್ಕಳದಲ್ಲಿ ಒಳ್ಳೆಯದಾಗಿ ಆಯಿತು. ಮೈದಾನದ ಸುತ್ತ ಜನ. ಛಾವಣಿಯ ಮೇಲೆ, ಗೋಡೆಯ ಮೇಲೆ ಜನ. ಬಿಗಲ್ ಊದಿದಾಗ ಎಲ್ಲ ಸುಮ್ಮನಾದರು. ಮಹಾಲಕ್ಷ್ಮೀ ಒಂದು ಕಡೆಯೂ ತಪ್ಪಲಿಲ್ಲ. ಸೋಮ ಎರಡು ಕಡೆ ತಪ್ಪಿದ. ಮಾಸ್ತರು ತಿರುಗಿ ನೋಡಿದರು. ಯಾವತ್ತೂ ತಪ್ಪದವನು.

"ಮೈ ಹುಷಾರಿಲ್ವನಾ?"

"ಇದೆ ಮಾಸ್ತರೆ. ಬೇಗ ಹೊರಡ್ವ. ಮೂರು ಗಂಟೆ ಒಳಗೆ ಹೊಳೆ ದಾಟ್ವ."

ಆ ದಿನ ಮೂರು ಗಂಟೆಯ ತನಕ ಹೊಳೆಯಲ್ಲಿ ಭರತಿ, ನೀರು ನಿಂತ ಹಾಗೆ ಇರುತ್ತದೆ. ಆಮೇಲೆ ಇಳಿತ. ನೀರೆಲ್ಲ ಅಳಿವೆಯ ಕಡೆಗೆ ಎಳೆಯುತ್ತದೆ. ಆದರೆ ಭಟ್ಕಳದವರು ಊಟ ಹಾಕಿದರು, ಭಾಷಣ ಮಾಡಿದರು, ಹಾರ ಹಾಕಿದರು. ಬಸ್ಸು ದಾರಿಯಲ್ಲಿ ಮಂಕಿ ಊರಿನ ಹತ್ತಿರ ಪಂಕ್ಚರ್ ಆಯಿತು. ಕಾಸರಕೋಡಿನ ದಡಕ್ಕೆ ಬಂದಾಗ ಐದೂವರೆ.

ಕಾಲವಲ್ಲದ ಕಾಲದಲ್ಲಿ ಪಡುವಣ ಗಾಳಿ ಎದ್ದಿತ್ತು. ಸಮುದ್ರದ ಮೇಲೆ ಕಪ್ಪು ಮೋಡ. ಹೊಳೆ ಕೆಳಗೆ ಎಳೆಯುತ್ತಿತ್ತು, ಗಾಳಿ ಮೇಲಕ್ಕೆ ನೂಕುತ್ತಿತ್ತು. ನಡುವೆ ನೀರು ಮೊನೆಮೊನೆಯಾಗಿ ಏಳುತ್ತಿತ್ತು. ಆಚೆ ದಡದಲ್ಲಿ ತಂದೆಯರು ಬಂದು ನಿಂತಿದ್ದರು. ಕೊಡೆಗಳು ಕಾಣುತ್ತಿದ್ದವು.

"ಹತ್ತಿ ಹತ್ತಿ. ಕತ್ತಲಾತು, ಇದೇ ಕಡೇ ದೋಣಿ" ಅಂದ ಈರ.

ಮಾಸ್ತರು ಸೋಮನ ಕಡೆ ತಿರುಗಿದರು. "ಎಂತ ಸೋಮಾ?"

ಈ ಸಲ ಸೋಮ ನೀರು ನೋಡಿದ. ನೋಡಿದರೆ ಕಂಡದ್ದು ಶುಕ್ರನ ಕೈ.

"ಬೇಡ ಮಾಸ್ತರೆ."

"ಬೇಡ್ವಾ?" ಈರ ಹುಟ್ಟು ಕೆಳಗೆ ಹಾಕಿದ. "ಎಂತ ಹೇಳ್ತೆ ನೀನು? ಇದಕ್ಕಿಂತ ಕೆಟ್ಟ ನೀರಲ್ಲಿ ಹೆರಿಗೆ ಹೆಂಗಸ್ರನ್ನ ದಾಟ್ಸಿದ್ದೆ ನಾನು. ಜವಾನ ಆಗಿ ತಲೆ ಹಾಳಾತಾ?"

"ಸೋಮಾ, ಸರಿಯಾಗಿ ಹೇಳು" ಅಂದರು ಮಾಸ್ತರು. ಅವರ ಸ್ವರ ಇಳಿದಿತ್ತು. "ಹದಿನಾರು ಹೆಣ್ಣುಮಕ್ಕಳು. ಒಂದು ರಾತ್ರಿ ಹೊರಗೆ ಇಟ್ಕೊಂಡರೆ ನಾಳೆ ನಾನು ಊರಲ್ಲಿ ಮುಖ ಎತ್ತಿ ತಿರುಗುವ ಹಾಗಿಲ್ಲ. ದೋಣಿ ಮುಳುಗ್ತದಾ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಎಲ್ಲರೂ ನಂಬುತ್ತಿದ್ದರು. ಸೋಮ ಡ್ರಮ್ಮನ್ನು ಮರಳಿನ ಮೇಲೆ ಇಟ್ಟ. ಮಕ್ಕಳೆಲ್ಲ ಅವನನ್ನೇ ನೋಡುತ್ತಿದ್ದರು.

"ಗೊತ್ತಿಲ್ಲ ಮಾಸ್ತರೆ" ಅಂದ. "ನಂಗೆ ಹೊಳೆ ಕಂಡ್ರೆ ಹೆದ್ರಿಕೆ. ಯಾವಾಗ್ಲೂ ಹೆದ್ರಿಕೆ. ನೀರು ಸಪಾಟಿದ್ರೂ ಬೇಡ ಅನ್ನುಸ್ತದೆ. ಬೆಳಿಗ್ಗೆ ನಾ ನೀರು ನೋಡ್ಲೇ ಇಲ್ಲ, ಸುಮ್ನೆ ಆತು ಅಂದೆ. ಈಗಿಂದು ನಿಜವಾಗ್ಲೂ ಕೆಟ್ಟ ನೀರಾ, ನನ್ನ ಹೆದ್ರಿಕೆಯಾ, ನಂಗೇ ಗೊತ್ತಾತಿಲ್ಲ. ನನ್ನ ಮಾತಿನ ಮೇಲೆ ನನ್ನ ಅಣ್ಣ ಸತ್ತ. ಇವರನ್ನ ದಾಟ್ಸಿ ಅಂತ ಈ ಬಾಯಲ್ಲಿ ಹೇಳುಕೆ ಆಗುದಿಲ್ಲ."

ಹಿಂದಿನಿಂದ ಒಬ್ಬ ಹುಡುಗ ಕಿಸಕ್ಕೆಂದ. ಮಾಸ್ತರು ಅವನ ಹತ್ತಿರ ಬಂದರು.

"ಬೆಳಿಗ್ಗೆ ನೋಡದೇ ಹೇಳಿದ್ಯಾ?"

"ಹೌದು ಒಡೆಯಾ."

ವನಮಾಲಾ ಅಕ್ಕೋರು ಮುಂದೆ ಬಂದರು. "ಮಾಸ್ತರೆ, ನಾನು ಹುಡುಗಿಯರನ್ನ ಹತ್ತಿಸುವುದಿಲ್ಲ. ಬೈಸಿಕೊಳ್ಳುವುದಾದರೆ ನಾಳೆ ಬೈಸಿಕೊಳ್ಳುವ."

ಮಾಸ್ತರು ಇನ್ನೊಮ್ಮೆ ಹೊಳೆ ನೋಡಿದರು. ಆಮೇಲೆ ಬ್ಯಾಂಡಿನವರಿಗೆ ಹೇಳುವ ಹಾಗೆ, "ಎಲ್ಲರೂ ಹಿಂದೆ ತಿರುಗಿ" ಅಂದರು.

ಈರ ತುಪಕ್ಕನೆ ಉಗುಳಿದ. ಬಸ್ಸಿನಲ್ಲಿ ಬಂದ ಬೇರೆ ಎಂಟು ಜನ ಇದ್ದರು. ಅವರನ್ನು ಹತ್ತಿಸಿಕೊಂಡು, ಆಚೆಯವರಿಗೆ ಸುದ್ದಿಯನ್ನೂ ಹೊತ್ತು ಹೊರಟ. ಎಲ್ಲರೂ ದಡದಲ್ಲಿ ನಿಂತು ನೋಡಿದರು. ನಡುಹೊಳೆಯಲ್ಲಿ ದೋಣಿಯ ಮೂತಿ ಮೇಲಕ್ಕೆ ಎದ್ದಿತು. ಒಂದು ತೆರೆ ಒಳಗೆ ಬಿತ್ತು. ಒಬ್ಬಳು ಹೆಂಗಸು ಕೂಗಿದ್ದು ಗಾಳಿಯಲ್ಲಿ ಕೇಳಿತು. ಸೋಮ ಬಗ್ಗಿ ಕುಳಿತ. ದೋಣಿ ಮುಳುಗಲಿ ಅಂತ ಒಂದು ಗಳಿಗೆ ಅವನ ಮನಸ್ಸಿಗೆ ಬಂತು. ಬಂದದ್ದು ಗೊತ್ತಾಗಿ ಅವನಿಗೆ ಇನ್ನೂ ಹೆದರಿಕೆಯಾಯಿತು. ಈ ಮಾತನ್ನು ಅವನು ಆಮೇಲೆ ನಾಗಿಗೆ ಮಾತ್ರ ಹೇಳಿದ.

ದೋಣಿ ಮುಳುಗಲಿಲ್ಲ. ಆಚೆ ದಡದಲ್ಲಿ ಈರ ಲಾಟೀನು ಬೀಸಿದ.

"ಹೋಯ್! ಮುಟ್ತು, ಮುಟ್ತು!" ಅಂತ ಹುಡುಗರು ಕೂಗಿದರು. "ಹೆದ್ರಪುಕ್ಲ ಸೋಮ, ಡ್ರಮ್ಮಿನೊಳಗೆ ಕೂಕೊಳೊ!"

ಮಾಸ್ತರು ಅವರಿಗೆ ಸುಮ್ಮನಿರಿ ಅನ್ನಲಿಲ್ಲ.

ಹುಡುಗಿಯರಿಗೆ ಅಲ್ಲಿಯ ಕನ್ನಡ ಶಾಲೆಯ ಕೋಣೆ ತೆಗೆಸಿಕೊಟ್ಟರು. ಹುಡುಗರು ಜಗಲಿಯಲ್ಲಿ. ಹೆಚ್ಚಿನವರು ಬ್ರಾಹ್ಮಣರ ಮಕ್ಕಳು, ಮೀನುಗಾರರ ಮನೆಯಲ್ಲಿ ಉಣ್ಣುವ ಹಾಗಿಲ್ಲ. ಅಂಗಡಿಯಿಂದ ಅವಲಕ್ಕಿ, ಬಾಳೆಹಣ್ಣು ತಂದರು. ಮೀನು ಒಣಗಿಸಿದ ವಾಸನೆಗೆ ಕೆಲವರು ಮೂಗು ಮುಚ್ಚಿಕೊಂಡು ತಿಂದರು. ಸುದ್ದಿ ತಿಳಿದು ಸೋಮನ ತಾಯಿ ಕಾಳಿ ಬಂದಳು. ಕೈಯಲ್ಲಿ ಒಂದು ಕೋಲು. ಹುಡುಗಿಯರ ಕೋಣೆಯ ಬಾಗಿಲಿಗೆ ಅಡ್ಡ ಕುಳಿತಳು.

"ಯಾರೂ ಬರುಕಾಗ. ಬಂದ್ರೆ ಕಾಲು ಮುರಿತೆ" ಅಂದಳು.

ಸೋಮ ಅವಳ ಮುಂದೆ ಹೋಗಿ ನಿಂತ. ನಾಲ್ಕು ವರ್ಷದ ಮೇಲೆ. ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಅಬ್ಬೆ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ರಜೆ ಸಿಕ್ತಾ?"

ಅವನು ತಲೆ ತಗ್ಗಿಸಿದ.

"ಹೆದ್ರಿದ್ಯಂತೆ, ಎಲ್ಲರ ಎದ್ರಿಗೆ. ಕೇರಿಯವರೆಲ್ಲ ನೆಗ್ಯಾಡ್ತ್ರು."

"ಹೌದು ಅಬ್ಬೆ."

"ಅವತ್ತು ಒಂದ್ಸಲ ಹೀಂಗೆ ಹೆದ್ರಿದ್ರೆ ಆಗ್ತಿತ್ತು" ಅಂದಳು ಕಾಳಿ. ಸಿಟ್ಟಿನಿಂದ ಅಲ್ಲ. ಮಳೆ ಬಂತು ಅನ್ನುವ ಹಾಗೆ ಅಂದಳು. ನಾಲ್ಕು ವರ್ಷ ಅವನು ಕಾದು ಹೆದರಿಕೊಂಡಿದ್ದ ಮಾತು ಅದು. ಹೇಳಿ ಆದ ಮೇಲೆ ಅವಳು ಮಡಿಲಿನಿಂದ ಎರಡು ಸುಟ್ಟ ಗೆಣಸು ತೆಗೆದು ಅವನಿಗೆ ಕೊಟ್ಟಳು. "ತಿನ್ನು. ಸಾಯ್ಬೇಡ."

ಬೆಳಿಗ್ಗೆ ಗಾಳಿ ಬಿದ್ದಿತ್ತು. ಹೊಳೆ ಎಣ್ಣೆ ಸುರಿದ ಹಾಗೆ ಇತ್ತು. ಮಾಸ್ತರು ಸೋಮನನ್ನು ಏನೂ ಕೇಳಲಿಲ್ಲ. ಈರನನ್ನೇ ಕೇಳಿದರು. ಸೋಮ ಡ್ರಮ್ಮು ಹಿಡಿದು ದೋಣಿಯ ನಡುವೆ ಕುಳಿತ. ಈ ಸಲ ಕಣ್ಣು ಮುಚ್ಚಲಿಲ್ಲ. ಮಕ್ಕಳನ್ನು ಒಬ್ಬೊಬ್ಬರಾಗಿ ನೋಡುತ್ತ ಬಂದ. ಹೆದರಿಕೆ ಇದ್ದಷ್ಟೇ ಇತ್ತು.

ಆಚೆ ದಡದಲ್ಲಿ ತಂದೆಯರು ಬಾಯಿಗೆ ಬಂದ ಹಾಗೆ ಬೈದರು. ಮಹಾಲಕ್ಷ್ಮಿಯ ತಂದೆ ನಾಗಪತಿ ಹೆಗಡೇರು ಬೈಯಲೂ ಇಲ್ಲ. ಮಗಳ ಕೈಯಿಂದ ಲೇಜಿಮ್ ಕಸಿದು ಮರಳಿಗೆ ಎಸೆದು, ಅವಳನ್ನು ಮುಂದೆ ಹಾಕಿಕೊಂಡು ನಡೆದರು. ಅವಳು ತಿರುಗಿ ನೋಡಲಿಲ್ಲ.

ಎರಡು ದಿನದ ಮೇಲೆ ಹೆಡ್ ಮಾಸ್ತರು ಅನಂತಮೂರ್ತಿಯವರು ಸೋಮನನ್ನು ಕರೆದರು. ನಾಲ್ಕು ಜನ ತಂದೆಯರೂ ಕುಳಿತಿದ್ದರು.

"ದೋಣಿ ಮುಳುಗುವುದು ಖಾತ್ರಿ ಇತ್ತೋ?"

"ಇಲ್ಲ ಒಡೆಯಾ."

"ಮತ್ತೆ ಯಾಕೆ ತಡೆದೆ?"

"ಹೆದ್ರಿಕೆ ಆತು."

"ನಿನ್ನ ಹೆದರಿಕೆಗೆ ಹದಿನಾರು ಮನೆಯ ಮರ್ಯಾದೆ ಹೋಯಿತಲ್ಲೋ!" ಅಂದರು ಒಬ್ಬರು.

ಖಾತ್ರಿ ಇತ್ತು ಅಂತ ಒಂದು ಮಾತು ಹೇಳು, ಎಲ್ಲ ಮುಚ್ಚಿಹೋಗುತ್ತದೆ ಅಂತ ರಮಾನಂದ ಮಾಸ್ತರು ಸೋಮನಿಗೆ ಮೊದಲೇ ಗುಟ್ಟಾಗಿ ಕಲಿಸಿದ್ದರು. ಅವನಿಗೆ ಆಗಲಿಲ್ಲ. ನೀರಿನ ಬಗ್ಗೆ ಗೊತ್ತಿಲ್ಲದ್ದನ್ನು ಗೊತ್ತು ಅನ್ನುವುದು ಅವನಿಂದ ಇನ್ನು ಆಗುವ ಹಾಗಿರಲಿಲ್ಲ.

ಕೆಲಸ ಹೋಗಲಿಲ್ಲ. ಲೇಜಿಮ್ ಹೋಯಿತು. ಹುಡುಗಿಯರು ಇನ್ನು ಕುಣಿಯುವುದು ಬೇಡ ಅಂತ ಬರೆದು ಹಚ್ಚಿದರು. ಜನವರಿ ಇಪ್ಪತ್ತಾರಕ್ಕೆ ಬ್ಯಾಂಡು ಮಾತ್ರ ಹೋಯಿತು. ಹಿಂದೆ ಖಾಲಿ ರಸ್ತೆ. ಸೋಮ ಡ್ರಮ್ ಹೊಡೆದ. ಅಂಗಡಿ ಕಟ್ಟೆಯಿಂದ ಯಾರೋ ಪುಕ್ಲ ಅಂತ ಕೂಗಿದರು. ಮಹಾಲಕ್ಷ್ಮಿಯ ಶಾಲೆ ಬಿಡಿಸಿದ್ದರು. ವೈಶಾಖದಲ್ಲಿ ಕುಮಟೆಯ ಕಡೆಗೆ ಮದುವೆ ಮಾಡಿ ಕೊಟ್ಟರು. ಮೆಟ್ರಿಕ್ ಮಾಡಿ ಮಾಸ್ತರಿಕೆ ಕಲಿಯುವೆ ಅನ್ನುತ್ತಿದ್ದಳಂತೆ. ಆ ಸುದ್ದಿ ಬಂದ ದಿನ ಸೋಮ ಉಣ್ಣಲಿಲ್ಲ.

"ಜೀವ ಇದ್ಯಲ್ಲ ಅವಳದ್ದು" ಅಂದಳು ನಾಗಿ.

"ದಾಟಿದ್ರೂ ಇರ್ತಿತ್ತೇನ" ಅಂದ ಅವನು.

ಇದನ್ನೇ ಅವನು ವರ್ಷಗಟ್ಟಲೆ ಹೊತ್ತ. ಎಂಟು ಜನರ ದೋಣಿ ಹಗುರ, ನಲವತ್ತಮೂರು ಜನರ ದೋಣಿ ಭಾರ ಅಂತ ನಾಗಿ ಎಷ್ಟು ಸಲ ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಅಣ್ಣನ ದಿನ ಹೆದರದೆ ಕೆಡಿಸಿದೆ, ಮಕ್ಕಳ ದಿನ ಹೆದರಿ ಕೆಡಿಸಿದೆ ಅನ್ನುತ್ತಿದ್ದ.

ಅರವತ್ತಾರರಲ್ಲಿ ಶಾಲೆಯ ಸಾಮಾನು ತರಲು ಕುಮಟೆಗೆ ಹೋಗಿದ್ದ. ಬಸ್ ನಿಲ್ದಾಣದಲ್ಲಿ ಒಬ್ಬಳು ಹೆಂಗಸು ಹತ್ತಿರ ಬಂದಳು. ಕಂಕುಳಲ್ಲಿ ಒಂದು ಮಗು, ಇನ್ನೊಂದು ಕೈಯಲ್ಲಿ ಚೀಲ, ಟ್ರಂಕು.

"ಸೋಮ ಅಲ್ದನಾ? ಗುರುತು ಸಿಕ್ತಾ?"

ಮಹಾಲಕ್ಷ್ಮೀ. ಸಪೂರವಾಗಿದ್ದಳು. ಸೋಮನಿಗೆ ಓಡಿಹೋಗುವ ಅನ್ನಿಸಿತು.

"ಸಿಕ್ತು ಅಮ್ಮ."

"ಇನ್ನೂ ಡ್ರಮ್ಮು ಹೊಡಿತ್ಯಾ?"

"ಹೊಡಿತೆ."

ಅವಳು ಮಗುವನ್ನು ಕಂಕುಳಿಗೆ ಸರಿಯಾಗಿ ಏರಿಸಿಕೊಂಡಳು. ಆಮೇಲೆ ಕೇಳಿದಳು. "ಒಂದು ಮಾತು ಹೇಳು. ಆ ದಿನ ನಾವು ಮುಳುಗ್ತಿದ್ವಾ?"

"ಗೊತ್ತಿಲ್ಲ ಅಮ್ಮ. ಗೊತ್ತಿದ್ರೆ ಹೇಳ್ತಿದ್ದೆ."

"ನಾನೂ ದಿನಾ ಕೇಳ್ಕತ್ತೆ" ಅಂದಳು ಅವಳು. "ಒಂದು ದಿನ ನಿನ್ನ ಬೈತೆ. ಒಂದು ದಿನ ಈ ಮಗಳ ಮುಖ ನೋಡಿ ಬೈಯುದಿಲ್ಲ."

ಬಸ್ಸು ಬಂತು. ಜನ ಮುಗಿಬಿದ್ದರು. ಅವಳು ಟ್ರಂಕು ಎತ್ತಿಕೊಂಡು, ಬೇರೆ ದಾರಿ ಇಲ್ಲದೆ, ಮಗುವನ್ನು ಅವನ ಕೈಗೆ ಕೊಟ್ಟಳು. "ಸ್ವಲ್ಪ ಹಿಡ್ಕೊ. ಕಿಟಕಿಯಿಂದ ತಗೊಳ್ತೆ."

ಸೋಮ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ. ಮಗು ಅವನ ಅಂಗಿಯ ಗುಂಡಿ ಎಳೆಯಿತು. ಬಸ್ಸು ಗುರುಗುಟ್ಟಿತು. ಸುತ್ತ ಜನ ತಳ್ಳುತ್ತಿದ್ದರು. ಅವನು ಮಗುವಿನ ಸುತ್ತ ಬೆನ್ನು ಬಾಗಿಸಿ, ಒಂದೊಂದೇ ಹೆಜ್ಜೆ ಇಟ್ಟು, ಅವಳ ಮುಖ ಯಾವ ಕಿಟಕಿಯಲ್ಲಿ ಬರುತ್ತದೆ ಅಂತ ಹುಡುಕಿದ. ಅವಳ ಎರಡು ಕೈ ಹೊರಗೆ ಬಂತು. ಅವಳು ಗಟ್ಟಿಯಾಗಿ ಹಿಡಿದಳೋ ಇಲ್ಲವೋ ಅಂತ ಮೂರು ಸಲ ಕೇಳಿದ. ಹಿಡಿದೆ ಬಿಡು, ಹಿಡಿದೆ ಬಿಡು ಅಂತ ಅವಳು ಹೇಳಿದ ಮೇಲೂ ಅವನು ಬೆರಳು ಬಿಡಲಿಲ್ಲ. ಕಂಡಕ್ಟರ್ ಬೈದ.

ಆಮೇಲೆ ಬಿಟ್ಟ.